ತಾರಸಿಯ ನೀರು ಹಿತ್ತಲು ಸೇರುವ ದಾರಿ

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಬೀದಿಗೆ ಟ್ಯಾಂಕರ್ ಬಂದ ಸದ್ದಾದರೆ ಮನೆಮಂದಿಯೆಲ್ಲ ಬಾಗಿಲಿಗೆ ಬರುತ್ತಿದ್ದ ಬೇಸಿಗೆ ಅದು. ಆ ಭಾನುವಾರ ನಮ್ಮ ತಾರಸಿಯ ನೀರು ನಾಲ್ಕಿಂಚಿನ ಕೊಳವೆಯಲ್ಲಿ ಧುಮುಕಿ, ಗೇಟಿನ ಕೆಳಗೆ ನುಸುಳಿ ರಸ್ತೆ ಸೇರುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ.

ಲೆಕ್ಕ ಮೂರನೆಯ ತರಗತಿಯದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮದು 30×40 ಅಡಿಯ ನಿವೇಶನ. ಸುತ್ತ ಬಿಟ್ಟ ಜಾಗ ಕಳೆದು ತಾರಸಿ ಸುಮಾರು 900 ಚದರ ಅಡಿ, ಅಂದರೆ 84 ಚದರ ಮೀಟರ್. 84ನ್ನು 111ರಿಂದ ಗುಣಿಸಿದರೆ 9,324 ಲೀಟರ್. ಗಾರೆ ಹೀರಿದ್ದು, ಸಿಡಿದು ಹೋದದ್ದು ಎಂದು ಶೇಕಡ 15 ಬಿಟ್ಟರೂ 7,900 ಲೀಟರ್ ಉಳಿಯುತ್ತದೆ. ಮಾರ್ಚಿನಲ್ಲಿ 6,000 ಲೀಟರಿನ ಟ್ಯಾಂಕರಿಗೆ ಕಾದು ಕುಳಿತಿದ್ದ ಮನೆಯ ಮೇಲೆ ಅದಕ್ಕಿಂತ ಹೆಚ್ಚು ನೀರು ಬಿದ್ದು, ರಸ್ತೆಗೆ ಹೋಯಿತು.

ಇಡೀ ವರ್ಷದ ಲೆಕ್ಕವೂ ಹೀಗೆಯೇ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಅದೇ ಶೇಕಡ 15 ಕಳೆದರೆ ನಮ್ಮ ಪುಟ್ಟ ತಾರಸಿಗೆ ಅದು 69,000 ಲೀಟರಿನಷ್ಟು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆಯನ್ನೇ ಹಿಡಿದರೆ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಮಿಕ್ಕಿದ ನೀರು. ಅತ್ತ ಕಾವೇರಿಯನ್ನು ನಾವು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತೇವೆ. ತಾರಸಿಯ ನೀರು ಪಂಪು ಕೇಳುವುದಿಲ್ಲ, ತಾನಾಗಿ ಇಳಿಯುತ್ತದೆ.

ಮನೆಯ ಕೆಲಸ ನಾವೇ ಮಾಡಿಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಒಂದು ಡ್ರಿಲ್ ಕೊಳ್ಳುತ್ತಾರೆ. ಎಸ್.ಜೆ.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ನಾನೂ ಕೊಂಡೆ. ಗೋಡೆಗೆ ನಾಲ್ಕು ತೂತು ಹಾಕಿ ಒಂದು ಕಪಾಟು ನೇತುಹಾಕಿದ ಮೇಲೆ ಅದು ಅಟ್ಟ ಸೇರಿತು. ಈ ಊರಿನ ಮನೆಗಳನ್ನು ನಿಜವಾಗಿ ಕಾಡುವುದು ನೀರು. ಬೇಸಿಗೆಯಲ್ಲಿ ಇಲ್ಲದ ನೀರು, ಮಳೆಗಾಲದಲ್ಲಿ ಬೇಡದ ಕಡೆ ಬರುವ ನೀರು. ಚಾವಣಿಯ ತೇವ, ಗೋಡೆ ಬುಡದ ಚೌಳು, ಸಂಪಿನ ಕೆಸರು, ಹಿತ್ತಲ ಸಂದಿಯ ಪಾಚಿ ಇವೆಲ್ಲ ಬೇರೆ ಬೇರೆ ರಿಪೇರಿಗಳಂತೆ ಕಾಣುತ್ತವೆ. ಮಳೆಯ ಹನಿಯೊಂದರ ಹಿಂದೆ ತಾರಸಿಯಿಂದ ನೆಲದವರೆಗೆ ನಡೆದು ನೋಡಿದರೆ ಅವು ಒಂದೇ ದಾರಿಯ ಬೇರೆ ಬೇರೆ ತಿರುವುಗಳು. ಆ ದಾರಿಗೆ ಇರುವ ನಿಯಮವೂ ಒಂದೇ: ಮೇಲಿನದು ಕೊಡುವಷ್ಟನ್ನು ಕೆಳಗಿನದು ನುಂಗಬೇಕು. ಎಲ್ಲಿ ನುಂಗಲಾಗುವುದಿಲ್ಲವೋ ಅಲ್ಲಿ ನೀರು ನಿಲ್ಲುತ್ತದೆ, ನಿಂತ ಕಡೆ ಬಿರುಕು ಹುಡುಕುತ್ತದೆ.

ಎಷ್ಟು ಕೊಡುತ್ತದೆ? ಇಲ್ಲಿ ವರ್ಷದ ಮೊತ್ತಕ್ಕಿಂತ ನಿಮಿಷದ ವೇಗ ಮುಖ್ಯ. ಬೆಂಗಳೂರಿನ ಮಳೆ ಮಲೆನಾಡಿನಂತೆ ದಿನಗಟ್ಟಲೆ ಜಿನುಗುವುದು ಕಡಿಮೆ. ಸಂಜೆ ಮೋಡ ಕಟ್ಟಿ, ಗುಡುಗಿ, ಒಂದು ಗಂಟೆಯಲ್ಲಿ ಬಾರಿಸಿ ಹೋಗುತ್ತದೆ. ಜೋರು ಮಳೆ ನಿಮಿಷಕ್ಕೆ ಒಂದು ಮಿಲಿಮೀಟರಿನ ವೇಗದಲ್ಲಿ ಬೀಳುವುದು ಇಲ್ಲಿ ಅಪರೂಪವೇನಲ್ಲ. ನಮ್ಮ ತಾರಸಿಗೆ ಅದು ನಿಮಿಷಕ್ಕೆ 84 ಲೀಟರ್, ಅಂದರೆ 15 ಲೀಟರಿನ ಬಕೆಟ್ ಐದೂವರೆ. ಈ 84 ಎಂಬ ಅಂಕಿಯನ್ನು ನೆನಪಿನಲ್ಲಿಡಿ. ಮುಂದಿನ ಎಲ್ಲ ಕೆಲಸಗಳಿಗೂ ಅದೇ ಅಳತೆಗೋಲು. ನಿಮ್ಮ ತಾರಸಿಯ ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ.

ತಾರಸಿಯಿಂದಲೇ ಆರಂಭಿಸೋಣ. ಮೊದಲ ಉಪಕರಣ ಸೀಮೆಸುಣ್ಣ. ಒಳ್ಳೆಯ ಮಳೆ ನಿಂತು ಅರ್ಧ ಗಂಟೆಯಾದ ಮೇಲೆ ಮೇಲೆ ಹೋಗಿ, ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಅಂಚಿಗೆ ಗೆರೆ ಎಳೆಯಿರಿ. ತಾರಸಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಬೇಕು; 30 ಅಡಿ ಉದ್ದಕ್ಕೆ ಮೂರೂವರೆ ಇಂಚು. ಗಾರೆ ಹಾಕುವಾಗ ಮೇಸ್ತ್ರಿ ಇಷ್ಟನ್ನು ಕೊಟ್ಟಿರುತ್ತಾರೆ, ಆದರೆ ನಡುವೆ ನಾವು ಸಿಂಟೆಕ್ಸ್ ಟ್ಯಾಂಕಿಗೊಂದು ಕಟ್ಟೆ, ಸೋಲಾರಿಗೊಂದು ಕಾಲು, ಹೂಕುಂಡಕ್ಕೊಂದು ಸಾಲು ಇಟ್ಟು ಹರಿವಿಗೆ ಅಡ್ಡ ನಿಂತಿರುತ್ತೇವೆ. ನಮ್ಮಲ್ಲಿ ಗೆರೆ ಎಳೆದ ನಾಲ್ಕು ಕೊಳಗಳಲ್ಲಿ ಮೂರು ಹೂಕುಂಡಗಳನ್ನು ಸರಿಸಿದಾಗಲೇ ಮಾಯವಾದವು. ಒಂದಕ್ಕೆ ಮಾತ್ರ ಗಾರೆ ಬೇಕಾಯಿತು.

ಚಾವಣಿ ತೊಟ್ಟಿಕ್ಕುತ್ತಿದ್ದರೆ ಒಂದು ಎಚ್ಚರಿಕೆ: ಒಳಗೆ ಹನಿ ಬೀಳುವ ಜಾಗದ ನೇರ ಮೇಲೆ ಬಿರುಕು ಇರಬೇಕೆಂದೇನೂ ಇಲ್ಲ. ನೀರು ಗಾರೆ ಮತ್ತು ಕಾಂಕ್ರೀಟಿನ ನಡುವೆ ಅಡಿಗಟ್ಟಲೆ ಅಡ್ಡ ಹರಿದು, ತನಗೆ ಸಿಕ್ಕ ತೂತಿನಲ್ಲಿ ಇಳಿಯುತ್ತದೆ. ಪತ್ತೆ ಮಾಡುವ ಹಳೆಯ ಉಪಾಯ ಎಂದರೆ ತಾರಸಿಯನ್ನು ಭಾಗ ಭಾಗವಾಗಿ, ಮಣ್ಣಿನ ಕಟ್ಟೆ ಕಟ್ಟಿ, ಒಂದಿಂಚು ನೀರು ನಿಲ್ಲಿಸಿ ಒಂದು ದಿನ ಕಾಯುವುದು. ಯಾವ ಭಾಗ ತುಂಬಿದಾಗ ಕೆಳಗೆ ತೇವ ಬರುತ್ತದೋ ಅದು ಅಪರಾಧಿ. ಹೆಚ್ಚಿನ ಮನೆಗಳಲ್ಲಿ ಅದು ನಡುವಿನ ಬಯಲಲ್ಲ. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ಅಥವಾ ನೀರಿನ ಕೊಳವೆ ಕಾಂಕ್ರೀಟಿನೊಳಗೆ ಇಳಿಯುವ ಬಾಯಿ. ಮೂಲೆಯ ಬಿರುಕನ್ನು ಕೊರೆದು ಅಗಲಿಸಿ, ಧೂಳು ತೆಗೆದು, ಗಾರೆ ತುಂಬಿ, ಅಂಚನ್ನು ದುಂಡಗೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಮೇಲೆ ಬಳಿಯುವ ಜಲನಿರೋಧಕ ಲೇಪನ ಧೂಳಿನ ಮೇಲೆ ಕೂರುವುದಿಲ್ಲ. ಉದ್ದಕ್ಕೊಂದು ಸಲ, ಒಣಗಿದ ಮೇಲೆ ಅಡ್ಡಕ್ಕೊಂದು ಸಲ ಬಳಿಯಬೇಕು, ಅದೂ ಫೆಬ್ರವರಿ–ಮಾರ್ಚಿನ ಒಣ ಬಿಸಿಲಿನಲ್ಲಿ. ಜೂನಿನಲ್ಲಿ ಲೇಪನದ ಡಬ್ಬಿ ಹುಡುಕಿಕೊಂಡು ಓಡುವವರನ್ನು ಕಂಡರೆ ಅಂಗಡಿಯವರಿಗೆ ಒಳಗೊಳಗೇ ಖುಷಿ.

ಈಗ ಕೊಳವೆಯ ಬಾಯಿ. ನಾಲ್ಕಿಂಚಿನ ಒಂದು ಕೊಳವೆ ನಿಮಿಷಕ್ಕೆ 84 ಲೀಟರನ್ನು ನಿರಾಯಾಸವಾಗಿ ನುಂಗುತ್ತದೆ, ಬಾಯಿ ತೆರೆದಿದ್ದರೆ. ನಮ್ಮ ಬೀದಿಯಲ್ಲಿ ಹೊಂಗೆ ಮರಗಳಿವೆ. ಏಪ್ರಿಲ್ ಬಂತೆಂದರೆ ಅಕ್ಕಿ ಚೆಲ್ಲಿದಂತೆ ತಾರಸಿಯ ತುಂಬ ಹೊಂಗೆ ಹೂವು. ಮೊದಲ ಮಳೆಗೆ ಅದೆಲ್ಲ ತೇಲಿ ಬಂದು ಚಪ್ಪಟೆ ಜಾಲರಿಯ ಮೇಲೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಹಾಗೆ ಬಾಯಿ ಕಟ್ಟಿ ತಾರಸಿಯಲ್ಲಿ ಮೂರು ಇಂಚು ನೀರು ನಿಂತರೆ 84 ಚದರ ಮೀಟರಿಗೆ ಅದು 6,000 ಲೀಟರಿಗೂ ಹೆಚ್ಚು, ಅಂದರೆ ಆರು ಟನ್ನಿಗಿಂತ ಹೆಚ್ಚು ಭಾರ. ಪರಿಹಾರ ಅಗ್ಗದ್ದು. ಚಪ್ಪಟೆ ಜಾಲರಿ ತೆಗೆದು ಗುಮ್ಮಟದಂತೆ ಎದ್ದ ಜಾಲರಿ ಕೂರಿಸಿ: ಬುಡದಲ್ಲಿ ಎಲೆ ಕೂತರೂ ಮೇಲಿನ ಸೀಳುಗಳಿಂದ ನೀರು ಇಳಿಯುತ್ತದೆ. ಜೊತೆಗೆ ಪ್ಯಾರಾಪೆಟ್ಟಿನಲ್ಲಿ ತಾರಸಿಯ ಮಟ್ಟಕ್ಕಿಂತ ಎರಡಿಂಚು ಮೇಲೆ ಒಂದು ತುರ್ತು ತೂಬು ಬೇಕು. ಅದು ರಸ್ತೆಯ ಕಡೆಗೇ ಇರಲಿ. ಅದರಿಂದ ನೀರು ಬೀಳುವುದು ಕಂಡರೆ ಕೊಳವೆ ಕಟ್ಟಿದೆ ಎಂದು ಇಡೀ ಬೀದಿಗೇ ಗೊತ್ತಾಗುತ್ತದೆ. ಯಾರಾದರೂ ಕರೆದು ಹೇಳುತ್ತಾರೆ.

ಇಳಿದ ನೀರನ್ನು ನೇರ ಸಂಪಿಗೆ ಬಿಡುವಂತಿಲ್ಲ. ಬಿಸಿಲಿನ ದಿನಗಳಲ್ಲಿ ತಾರಸಿಯ ಮೇಲೆ ಕೂತ ಧೂಳು, ಹೊಗೆ ಮಸಿ, ಪಾರಿವಾಳದ ಹಿಕ್ಕೆ ಎಲ್ಲ ಮೊದಲ ಕೆಲವು ನಿಮಿಷದ ನೀರಿನಲ್ಲಿರುತ್ತದೆ. ಅದನ್ನು ಬೇರೆ ಮಾಡಬೇಕು. ಬಲ್ಲವರು ಚದರ ಮೀಟರಿಗೆ ಅರ್ಧದಿಂದ ಎರಡು ಲೀಟರ್ ಎನ್ನುತ್ತಾರೆ. ನಡುವಿನ ಒಂದು ಲೀಟರ್ ಹಿಡಿದರೆ ನಮಗೆ 84 ಲೀಟರ್. ಇಲ್ಲಿಯೇ ಅಂಗಡಿಯ ಸಾಮಾನು ಮೋಸ ಹೋಗಿಸುವುದು. ಗೋಡೆಗೆ ಆತು ನಿಲ್ಲುವ, ನಾಲ್ಕಿಂಚಿನ, ಎರಡು ಮೀಟರ್ ಉದ್ದದ ‘ಮೊದಲ ಮಳೆ ಬೇರ್ಪಡಿಸುವ’ ಕೊಳವೆಯೊಂದನ್ನು ನಾನು ತಂದು ಹಾಕಿದ್ದೆ. ನಾಲ್ಕಿಂಚಿನ ಕೊಳವೆ ಮೀಟರಿಗೆ ಎಂಟೂವರೆ ಲೀಟರ್ ಹಿಡಿಯುತ್ತದೆ; ಎರಡು ಮೀಟರಿಗೆ 17 ಲೀಟರ್. ಬೇಕಾದದ್ದರ ಐದನೆಯ ಒಂದು ಪಾಲು. ಲೆಕ್ಕ ಮಾಡದೆ ಕೊಂಡ ತಪ್ಪು ನನ್ನದೇ.

ಆ ಕೊಳವೆಯ ತತ್ವ ಮಾತ್ರ ಚೆನ್ನಾಗಿದೆ. ತಾರಸಿಯಿಂದ ಬರುವ ದಾರಿಯಲ್ಲಿ ಒಂದು ‘ಟೀ’, ಅಂದರೆ ಮೂರು ಬಾಯಿಯ ಕೊಳವೆ ಜೋಡಣೆ; ಕೆಳಮುಖದ ಕವಲು ಮುಚ್ಚಿದ ಕೊಳವೆಗೆ ಅಥವಾ ಡ್ರಮ್ಮಿಗೆ, ಪಕ್ಕದ ಕವಲು ಶೋಧಕಕ್ಕೆ. ಕೊಳಕು ನೀರು ಮೊದಲು ಕೆಳಗಿಳಿದು ತುಂಬುತ್ತದೆ. ಒಳಗಿನ ಹಗುರ ಚೆಂಡು ತೇಲಿ ಮೇಲೇರಿ ಬಾಯಿ ಮುಚ್ಚಿದ ಮೇಲೆ ನೀರು ಪಕ್ಕಕ್ಕೆ ಹೊರಳುತ್ತದೆ. ತಳದಲ್ಲಿ ಸಣ್ಣ ತೂತು ಬಿಟ್ಟರೆ ತುಂಬಿದ ನೀರು ಕೆಲವು ಗಂಟೆಗಳಲ್ಲಿ ಸೋರಿ ಮುಂದಿನ ಮಳೆಗೆ ಜಾಗ ಮಾಡುತ್ತದೆ. ನಾನೀಗ ಹಳೆಯ ನೂರು ಲೀಟರಿನ ಡ್ರಮ್ಮೊಂದನ್ನು ಹೀಗೆ ಬಳಸುತ್ತಿದ್ದೇನೆ. ಕೈಯಿಂದ ತಿರುಗಿಸುವ ವಾಲ್ವ್ ಇನ್ನೂ ಸರಳ, ಆದರೆ ನಮ್ಮೂರಿನ ಮಳೆ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಹಾಸಿಗೆಯಿಂದ ಎದ್ದು ವಾಲ್ವ್ ತಿರುಗಿಸುವ ಉತ್ಸಾಹ ಎಷ್ಟು ಮಳೆಗಳವರೆಗೆ ಉಳಿಯುತ್ತದೆ ಎಂಬುದು ಅವರವರಿಗೆ ಬಿಟ್ಟದ್ದು.

ಶೋಧಕಕ್ಕೆ ಎಲ್ಲರೂ ತೋರಿಸುವುದು 200 ಲೀಟರಿನ ನೀಲಿ ಡ್ರಮ್ಮು. ತಳದಲ್ಲಿ 40 ಎಂ.ಎಂ. ಜಲ್ಲಿ, ಅದರ ಮೇಲೆ 20 ಎಂ.ಎಂ. ಜಲ್ಲಿ, ನೈಲಾನ್ ಜಾಲರಿ, ಬೇಕಿದ್ದರೆ ಇದ್ದಿಲು, ಮೇಲೆ ದಪ್ಪ ಮರಳು, ಅದರ ಮೇಲೆ ಇನ್ನೊಂದು ಜಾಲರಿ. ದಪ್ಪದ್ದು ಕೆಳಗೇಕೆ ಎಂದರೆ ಮರಳು ನೀರಿನ ಜೊತೆ ಇಳಿದು ಹೋಗದಿರಲಿ ಎಂದು. ಶೋಧಿಸುವ ಕೆಲಸವೆಲ್ಲ ಮರಳಿನದೇ. ಇದನ್ನು ಒಂದು ಭಾನುವಾರದಲ್ಲಿ ಕಟ್ಟಬಹುದು. ಹ್ಯಾಕ್ಸಾ ಬ್ಲೇಡು, ಪಿ.ವಿ.ಸಿ. ಅಂಟು, ರಸಮಟ್ಟ, ಎರಡು ಬಾಂಡ್ಲಿ, ಜೊತೆಗೊಬ್ಬರು ಇದ್ದರೆ ಸಾಕು.

ಆದರೆ ಡ್ರಮ್ಮಿನ ಬಾಯಿ ಸುಮಾರು ಕಾಲು ಚದರ ಮೀಟರ್. ನಿಮಿಷಕ್ಕೆ 84 ಲೀಟರ್ ಬಂದರೆ ಅದರ ಮೇಲೆ ನಿಮಿಷಕ್ಕೆ ಒಂದಡಿಗೂ ಮೇಲೆ ನೀರು ಏರುತ್ತದೆ. ಸಣ್ಣ ಮರಳು ಅಷ್ಟು ವೇಗದಲ್ಲಿ ನೀರನ್ನು ಬಿಟ್ಟುಕೊಡುವುದೇ ಇಲ್ಲ. ಆದ್ದರಿಂದ ಮರಳು ದಪ್ಪನಾಗಿರಬೇಕು, ಡ್ರಮ್ಮಿನ ಮೇಲ್ಭಾಗದಲ್ಲಿ ಅರ್ಧ ಅಡಿಯಷ್ಟಾದರೂ ಖಾಲಿ ಇರಬೇಕು, ಅಲ್ಲಿಂದ ಒಂದು ನಾಲ್ಕಿಂಚಿನ ಹೊರಹರಿವು ನೆಲಕ್ಕೆ ಇಂಗಿಸುವ ಕಡೆಗೆ ಹೋಗಬೇಕು. ಬಿರುಮಳೆಯ ಅರ್ಧ ನೀರು ಶೋಧಕ ದಾಟದೆ ಹೊರಗೆ ಹೋದರೆ ಬೇಸರ ಬೇಡ. ಅದಕ್ಕೂ ಕೆಲಸ ಕೊಡೋಣ.

ಮರಳಿನ ವಿಷಯದಲ್ಲಿ ನನಗಾದ ಪಜೀತಿ ಹೇಳಿಬಿಡುತ್ತೇನೆ. ಈಗ ಸಿಗುವುದು ಹೆಚ್ಚಾಗಿ ಎಂ-ಸ್ಯಾಂಡ್, ಕಲ್ಲು ಪುಡಿ ಮಾಡಿದ್ದು. ಅದರಲ್ಲಿ ಹಿಟ್ಟಿನಂಥ ಕಲ್ಲಿನ ಧೂಳು ಬೆರೆತಿರುತ್ತದೆ. ನಾನು ಚೀಲ ಬಿಚ್ಚಿ ನೇರ ಡ್ರಮ್ಮಿಗೆ ಸುರಿದೆ. ಮರುದಿನ ಮಳೆ ಬಂತು, ಶೋಧಕ ಶೋಧಿಸಿತು, ನಲ್ಲಿಯಲ್ಲಿ ಬೂದು ಬಣ್ಣದ ನೀರು ಬಂತು. ಮಳೆನೀರಿಗಿಂತ ಕೊಳಕಾದ ‘ಶುದ್ಧ’ ನೀರು. ನಮ್ಮ ಅತ್ತೆ ಒಂದು ಲೋಟ ಹಿಡಿದು ಬೆಳಕಿಗೆ ತೋರಿಸಿ, “ಇದನ್ನು ಗೋಡೆಗೆ ಬಳಿಯಬಹುದಲ್ಲಪ್ಪ” ಎಂದರು. ಆಮೇಲೆ ಬಾಂಡ್ಲಿಯಲ್ಲಿ ಅಕ್ಕಿ ತೊಳೆದಂತೆ ಏಳೆಂಟು ಸಲ, ಮೇಲಿನ ನೀರು ತಿಳಿಯಾಗುವವರೆಗೆ, ಇಡೀ ಮರಳನ್ನು ತೊಳೆದು ಮತ್ತೆ ತುಂಬಿದೆ. ಜಲ್ಲಿಯನ್ನೂ ಹಾಗೆಯೇ ತೊಳೆಯಬೇಕು.

ಅತ್ತೆಗೆ ಮಳೆನೀರಿನ ಮೇಲೆ ಹಳೆಯ ಅಕ್ಕರೆ. ಹೆಂಚಿನ ಮನೆಯ ಸೂರಿನ ಕೆಳಗೆ ಹಂಡೆ ಇಟ್ಟು ಹಿಡಿದ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಅವರು ಹೇಳುವುದುಂಟು. ಅದು ಬರೀ ನೆನಪಿನ ಮಾತಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮಳೆನೀರಿನಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಗೀಸರಿನ ಒಳಗೆ ಕಟ್ಟುವ ಬಿಳಿ ಹೊಪ್ಪಳೆಗೂ ಅದೇ ಕಾರಣ. ಹಾಗೆಂದು ಡ್ರಮ್ಮಿನಿಂದ ಬಂದ ನೀರನ್ನು ಹಾಗೆಯೇ ಕುಡಿಯಬೇಡಿ. ಮರಳು ಕಸ ತಡೆಯುತ್ತದೆ, ಎಲ್ಲ ರೋಗಾಣುಗಳನ್ನು ತಡೆಯುವುದಿಲ್ಲ, ಕುದಿಸಿಯೇ ಕುಡಿಯಬೇಕು. ಸ್ನಾನ, ಬಟ್ಟೆ, ನೆಲ, ಗಿಡಕ್ಕೆ ಯಾವ ಅಡ್ಡಿಯೂ ಇಲ್ಲ.

ಮಳೆನೀರನ್ನೇ ನಂಬಿ ಮನೆ ನಡೆಸಬಹುದೇ ಎಂದು ಕೇಳುವವರಿಗೆ ವಿಜಯನಗರದಲ್ಲೊಂದು ಉತ್ತರವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ಕಟ್ಟಿದ ‘ಸೌರಭ’ ಎಂಬ ಮನೆ ಜಲಮಂಡಳಿಯ ಸಂಪರ್ಕವಿಲ್ಲದೆಯೇ ನಡೆದುಬಂದಿದೆ. ಅದರ ಹಿಂದೆ ಒಬ್ಬ ಎಂಜಿನಿಯರಿನ ಲೆಕ್ಕ, ದೊಡ್ಡ ಸಂಗ್ರಹ, ದಿನನಿತ್ಯದ ಶಿಸ್ತು ಇವೆ. ನಮ್ಮಂಥವರು ಆ ಮಟ್ಟದ ಆಸೆ ಇಟ್ಟುಕೊಂಡು ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣ ಸಂಪು. ನಮ್ಮ ಸಂಪು 7,000 ಲೀಟರಿನದು. ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಬೆಂಗಳೂರಿಗೆ ಸರಾಸರಿ 200 ಮಿಲಿಮೀಟರಿಗೂ ಹೆಚ್ಚು ಮಳೆ, ನಮ್ಮ ತಾರಸಿಗೆ 14,000 ಲೀಟರಿಗೂ ಹೆಚ್ಚು. ಜನವರಿ, ಫೆಬ್ರವರಿಯಲ್ಲಿ ಹೆಚ್ಚುಕಡಿಮೆ ಶೂನ್ಯ. ನೀರು ಬರುವ ಕಾಲಕ್ಕೂ ಬೇಕಾಗುವ ಕಾಲಕ್ಕೂ ನಡುವಿನ ಕಂದಕವನ್ನು 7,000 ಲೀಟರ್ ತುಂಬಲಾರದು. ಮಳೆಗಾಲದಲ್ಲಿ ಕಾವೇರಿ ಬಿಲ್ಲು ಇಳಿಯುತ್ತದೆ, ಟ್ಯಾಂಕರ್ ತಪ್ಪುತ್ತದೆ. ಉಳಿದದ್ದು ನೆಲಕ್ಕೆ ಸೇರಬೇಕು.

ಸಂಪಿಗೆ ಜೋಡಿಸುವಾಗ ಎರಡು ಮಾತು. ಒಳಬರುವ ಕೊಳವೆ ಎಷ್ಟು ದಪ್ಪವೋ ಹೊರಹರಿವಿನ ಕೊಳವೆಯೂ ಅಷ್ಟೇ ದಪ್ಪವಿರಬೇಕು, ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿರಬೇಕು. ಎರಡರ ಬಾಯಿಗೂ ಸೊಳ್ಳೆ ಜಾಲರಿ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆ ಬೇಡ, ನಿಂತ ತಿಳಿನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಎರಡನೆಯದು, ಹೆಚ್ಚಾದ ನೀರನ್ನು ಒಳಚರಂಡಿಯ ಚೇಂಬರಿಗೆ ಸೇರಿಸಬೇಡಿ. ಬಹಳ ಪ್ಲಂಬರುಗಳು ಹತ್ತಿರವಿದೆ ಎಂದು ಅಲ್ಲಿಗೇ ಕೊಡುತ್ತಾರೆ. ಅದಕ್ಕೆ ಅನುಮತಿ ಇಲ್ಲ. ಮನೆಯ ಕೊಳಚೆಗೆಂದು ಅಳೆದು ಹಾಕಿದ ಕೊಳವೆಗೆ ನಿಮಿಷಕ್ಕೆ 84 ಲೀಟರನ್ನು ಬೀದಿಯ ಇಪ್ಪತ್ತು ಮನೆಗಳೂ ನೂಕಿದರೆ ತಗ್ಗಿನ ಮನೆಯವರ ಬಚ್ಚಲಿನಲ್ಲಿ ಅದು ಮೇಲೇಳುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ: 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ, 2,400 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಕಟ್ಟಡಗಳಿಗೂ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ದಂಡಕ್ಕೆ ಹೆದರಿ ಗೋಡೆಗೊಂದು ಕೊಳವೆ ಆನಿಸಿ, ಅದರ ಕೆಳತುದಿಯನ್ನು ರಸ್ತೆಗೇ ಬಿಟ್ಟ ಮನೆಗಳನ್ನು ಯಾವ ಬಡಾವಣೆಯಲ್ಲಾದರೂ ನೋಡಬಹುದು. ಸರಿಯಾಗಿ ಮಾಡಿದರೆ ಹೇಗಿರುತ್ತದೆ ಎಂದು ಕಣ್ಣಾರೆ ಕಾಣಬೇಕಿದ್ದರೆ ಜಯನಗರದಲ್ಲಿ ಜಲಮಂಡಳಿಯದೇ ಒಂದು ಮಳೆನೀರು ಕೊಯ್ಲು ಉದ್ಯಾನವಿದೆ. ಡ್ರಮ್ಮಿಗೆ ಕೈಹಾಕುವ ಮೊದಲು ಅಲ್ಲೊಂದು ಸುತ್ತು ಹಾಕುವುದು ಲೇಸು.

ಇನ್ನು ಹಿತ್ತಲು. 30×40ರ ಮನೆಗಳಲ್ಲಿ ಹಿತ್ತಲು ಎಂದರೆ ಮೂರಡಿ ಅಗಲದ ಸಂದು; ಒಗೆಯುವ ಕಲ್ಲು, ಗ್ಯಾಸ್ ಸಿಲಿಂಡರ್, ಒಂದು ಕರಿಬೇವಿನ ಗಿಡ. ಅದಕ್ಕೂ ಸಿಮೆಂಟ್ ಹಾಕಿ ನಯ ಮಾಡಿರುತ್ತೇವೆ, ಕಸ ಗುಡಿಸಲು ಸುಲಭವೆಂದು. ಇಲ್ಲಿ ಇಂಗುಗುಂಡಿ ತೋಡುವ ಆಸೆ ಬಿಡಿ. ಮನೆಯ ಪಾಯದಿಂದ ಕನಿಷ್ಠ ಐದಡಿ ದೂರ ಇರಬೇಕು ಎಂಬುದು ಸಾಮಾನ್ಯ ಎಚ್ಚರಿಕೆ. ಪಾಯದ ಬುಡಕ್ಕೇ ನೀರು ಇಂಗಿಸಿದರೆ ಮಣ್ಣು ಕುಸಿದು ಗೋಡೆ ಸೀಳಬಹುದು, ಚೌಳು ಏರಬಹುದು. ಸಂದಿಯಲ್ಲಿ ಮಾಡಬೇಕಾದ ಕೆಲಸ ತದ್ವಿರುದ್ಧವಾದದ್ದು: ನೀರು ಗೋಡೆಯಿಂದ ದೂರ ಓಡುವಂತೆ, ಮೂರಡಿಗೆ ಒಂದಿಂಚಿನ ಇಳಿಜಾರು ಕೊಟ್ಟು ಕಾಂಪೌಂಡಿನ ಬದಿಯಲ್ಲಿ ಸಣ್ಣ ಕಾಲುವೆ ಮಾಡುವುದು. ರಸಮಟ್ಟ, ಕರಣೆ, ಅರ್ಧ ಚೀಲ ಸಿಮೆಂಟು. ಗೋಡೆ ಬುಡದ ಉಪ್ಪಿಗೆ ದುಬಾರಿ ಬಣ್ಣ ಬಳಿಯುವ ಮೊದಲು ಇದನ್ನು ಮಾಡಿ ಒಂದು ಮಳೆಗಾಲ ಕಾದು ನೋಡಿ.

ಗುಂಡಿಗೆ ಜಾಗವಿರುವುದು ಸಾಮಾನ್ಯವಾಗಿ ಮುಂದೆ, ಗೇಟಿನ ಬಳಿ. ತೋಡುವ ಮೊದಲು ಮಣ್ಣನ್ನು ಕೇಳಬೇಕು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಕುಳಿ ತೆಗೆಯಿರಿ. ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಒಣಮಣ್ಣು ಮೊದಲ ಸಲ ಆಸೆಬುರುಕನಂತೆ ಕುಡಿಯುತ್ತದೆ, ಆ ಅಳತೆ ನಂಬುವಂತಿಲ್ಲ. ಮತ್ತೆ ತುಂಬಿಸಿ, ಒಂದು ಕೋಲು ನೆಟ್ಟು, ಗಂಟೆಗೆ ಎಷ್ಟು ಇಳಿಯಿತು ಎಂದು ಗುರುತು ಮಾಡಿ. ಎರಡು–ಮೂರು ಇಂಚು ಇಳಿದರೆ ಒಳ್ಳೆಯ ಕೆಮ್ಮಣ್ಣು. ಅರ್ಧ ಇಂಚೂ ಇಳಿಯದಿದ್ದರೆ ಜೇಡಿ, ಅಥವಾ ಮನೆ ಕಟ್ಟುವಾಗ ತುಳಿದು ಗಟ್ಟಿಯಾದ ನೆಲ; ಅಲ್ಲಿ ತೋಡಿದ ಗುಂಡಿ ಬರೀ ತೊಟ್ಟಿಯಾಗುತ್ತದೆ. ಕ್ಷಣದಲ್ಲಿ ಮಾಯವಾದರೂ ಹಿಗ್ಗಬೇಡಿ, ಕೆಳಗೆ ಹಳೆಯ ಇಟ್ಟಿಗೆ ಚೂರು ತುಂಬಿರಬಹುದು. ಬೆಂಗಳೂರಿನಲ್ಲಿ ಕೆರೆಯ ಅಂಗಳದಲ್ಲೇ ಎದ್ದ ಜಾಗಗಳು ಬಹಳ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಅಂಥ ಕಡೆ ಮಳೆಗಾಲದಲ್ಲಿ ಗುಂಡಿಗೆ ನೀರು ಮೇಲಿನಿಂದ ಬರುವ ಬದಲು ಕೆಳಗಿನಿಂದಲೇ ಒಸರುತ್ತದೆ. ಅಲ್ಲಿ ಇಂಗಿಸುವ ಮಾತೇ ಇಲ್ಲ, ಕೂಡಿಡುವುದೊಂದೇ ದಾರಿ.

ಗುಂಡಿಯ ಲೆಕ್ಕದಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ಮೂರಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ 765 ಲೀಟರ್ ಹಿಡಿಯುತ್ತದೆ. ಆದರೆ ಅದಕ್ಕೆ ಜಲ್ಲಿ ತುಂಬಿದರೆ ಕಲ್ಲುಗಳ ನಡುವೆ ಉಳಿಯುವ ಖಾಲಿ ಜಾಗ ಸುಮಾರು ಶೇಕಡ 40 ಮಾತ್ರ; ಅಂದರೆ 300 ಲೀಟರ್. ಜೋರು ಮಳೆಯಲ್ಲಿ ನಾಲ್ಕು ನಿಮಿಷಕ್ಕೆ ತುಂಬಿಹೋಗುತ್ತದೆ. ಎರಡು ವರ್ಷದಲ್ಲಿ ಕೆಸರು ಸೇರಿ ಅಷ್ಟೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಇಂಗುಬಾವಿ ಎನ್ನುವುದು ಇದಕ್ಕಿಂತ ಬೇರೆ: ಮೂರಡಿ ವ್ಯಾಸದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಒಳಗೆ ಟೊಳ್ಳಾಗಿಯೇ ಬಿಟ್ಟು, ಹೊರಗಿನ ಸುತ್ತಿಗೆ ಜಲ್ಲಿ ತುಂಬಿ, ಮೇಲೆ ಗಟ್ಟಿ ಮುಚ್ಚಳ ಹಾಕಿದ ಬಾವಿ. 20 ಅಡಿ ಆಳಕ್ಕೆ 4,000 ಲೀಟರ್ ಹಿಡಿಯುತ್ತದೆ. ಗಟ್ಟಿಯಾದ ಮೇಲ್ಪದರವನ್ನು ದಾಟಿ ಸಡಿಲ ಮಣ್ಣಿಗೆ ನೀರು ಮುಟ್ಟಿಸುತ್ತದೆ. ಅದು ಸಾವಿರ ಅಡಿಯ ಕೊಳವೆಬಾವಿಗೆ ನಾಳೆಯೇ ತಲುಪುವುದಿಲ್ಲ. ಮೊದಲು ತುಂಬುವುದು ಮೇಲಿನ ಪದರ, ಹಿಂದೆ ನಮ್ಮ ಸೇದುವ ಬಾವಿಗಳಿಗೆ ನೀರು ಕೊಡುತ್ತಿದ್ದ ಪದರ.

ಇಂಗುಬಾವಿಯನ್ನು ನೀವೇ ತೋಡಲು ಹೋಗಬೇಡಿ. ಆಳೆತ್ತರ ದಾಟಿದ ಗುಂಡಿಯ ಗೋಡೆ ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯುತ್ತದೆ. ಇದಕ್ಕೆಂದೇ ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರ ಸಮುದಾಯದವರು ಸರ್ಜಾಪುರದ ಕಡೆಯ ಭೋವಿಪಾಳ್ಯದಂಥ ಊರುಗಳಲ್ಲಿದ್ದಾರೆ. ನಗರಕ್ಕೆ ಹತ್ತು ಲಕ್ಷ ಇಂಗುಬಾವಿ ಎಂಬ ಅಭಿಯಾನದ ಕೈಗಳು ಅವರವೇ. ಮಣ್ಣಿನ ಬಣ್ಣ ಬದಲಾದ ಆಳದಲ್ಲಿ ಎಲ್ಲಿ ನಿಲ್ಲಿಸಬೇಕು ಎಂದು ಅವರಿಗೆ ಗೊತ್ತು. ಹಾಗೆಯೇ ಮುಚ್ಚಿದ ಸಂಪಿನೊಳಗೆ ಒಬ್ಬರೇ ಇಳಿಯಬೇಡಿ. ಬಹುಕಾಲ ಮುಚ್ಚಿದ ತೊಟ್ಟಿಯಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಇರುವುದಿಲ್ಲ. ಮೋಟರಿನ ವೈರು ನೀರಿಗೆ ತಾಗಿದ್ದರೆ ಇಳಿದವರು ಹತ್ತುವುದಿಲ್ಲ. ಮೋಟರಿನ ವಿದ್ಯುತ್ ಕೆಲಸ ಲೈಸೆನ್ಸ್ ಇರುವವರದು, ಸೋರಿಕೆಯಾದರೆ ಥಟ್ಟನೆ ಕಡಿಯುವ 30 ಮಿಲಿಆಂಪಿನ ಬ್ರೇಕರ್ ಇದ್ದೇ ತೀರಬೇಕು. ತಾರಸಿಯ ನೀರನ್ನು ಶೋಧಿಸದೆ ಕೊಳವೆಬಾವಿಯ ಕೇಸಿಂಗಿನೊಳಗೆ ನೇರ ಬಿಡುವುದೂ ಬೇಡ. ಹಾಗೆ ಮಾಡಿದರೆ ಪಾರಿವಾಳದ ಹಿಕ್ಕೆ ಇಡೀ ಬೀದಿಯ ಅಂತರ್ಜಲಕ್ಕೆ ಹೋಗುತ್ತದೆ.

ಇಷ್ಟೆಲ್ಲ ಓದಿ ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನನ್ನ ಸಲಹೆ, ಸಂಪನ್ನೂ ಬಾವಿಯನ್ನೂ ಮುಟ್ಟದೆ ಒಂದು ಪೀಪಾಯಿ. ಕೊಳವೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕತ್ತರಿಸಿ, ಮುಚ್ಚಳವಿರುವ 200 ಲೀಟರಿನ ಡ್ರಮ್ಮಿಗೆ ತಿರುಗಿಸಿ, ಬುಡದಲ್ಲೊಂದು ನಲ್ಲಿ, ನೆತ್ತಿಯಲ್ಲೊಂದು ಜಾಲರಿ, ಪಕ್ಕದಲ್ಲೊಂದು ಹೊರಹರಿವು. ಬಕೆಟ್ ಹಿಡಿಯುವಷ್ಟು ಎತ್ತರಕ್ಕೆ ಸಿಮೆಂಟ್ ಬ್ಲಾಕಿನ ಕಟ್ಟೆ ಕಟ್ಟಿ. ತುಂಬಿದ ಡ್ರಮ್ಮು 200 ಕಿಲೋ ತೂಗುತ್ತದೆ, ಆದ್ದರಿಂದ ಕಟ್ಟೆ ಮಟ್ಟವಾಗಿ ಗಟ್ಟಿ ನೆಲದ ಮೇಲಿರಲಿ, ಕಿಟಕಿಯ ಸಜ್ಜೆಯ ಮೇಲೆ ಬೇಡ. ಜೋರು ಮಳೆಯಲ್ಲಿ ಇದು ಎರಡೂವರೆ ನಿಮಿಷಕ್ಕೆ ತುಂಬುತ್ತದೆ. ಹೊರಹರಿವು ಎತ್ತ ಹೋಗಬೇಕು ಎಂಬ ಪ್ರಶ್ನೆ ಆ ಸಂಜೆಯೇ ಎದುರಾಗುತ್ತದೆ, ಮುಂದಿನ ಭಾನುವಾರದ ಕೆಲಸ ತಾನಾಗಿ ಗೊತ್ತಾಗುತ್ತದೆ.

ನಮ್ಮಲ್ಲಿ ಈಗ ವರ್ಷದ ಕೆಲಸ ಇಷ್ಟು: ಯುಗಾದಿ ಕಳೆದ ಮೇಲೆ ತಾರಸಿ ಗುಡಿಸಿ ತೊಳೆಯುವುದು, ಹೊಂಗೆ ಹೂವು ಉದುರುವಷ್ಟು ದಿನ ವಾರಕ್ಕೆರಡು ಸಲ ಪೊರಕೆ, ಮರಳಿನ ಮೇಲಿನ ಎರಡಿಂಚು ಕೆರೆದು ತೊಳೆದು ಮತ್ತೆ ಹಾಕುವುದು, ಗಣೇಶನ ಹಬ್ಬಕ್ಕೆ ಮೊದಲು ಜಾಲರಿ ನೋಡುವುದು. ಸಂಪಿನಲ್ಲಿ ಇಂಚಿನ ಗುರುತು ಹಾಕಿದ ಬಿದಿರಿನ ಕೋಲೊಂದಿದೆ. ಮಳೆ ಬಂದ ಮರುದಿನ ಅದನ್ನು ಅದ್ದಿ ಅಳೆದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ.